ಕಾಯಿ ಕಚ್ಚದ ಹೂವು

ಮೊಗ್ಗು, ಹೂವು, ಹೀಚು, ಕಾಯಿ, ಹಣ್ಣು: ಒಂದು ಗಿಡದ ಸಂಸಾರವನ್ನೆಲ್ಲ ಹೇಳಿ ಮುಗಿಸಲು ಕನ್ನಡಕ್ಕೆ ಈ ಐದು ಮಾತು ಸಾಕು. ಇವುಗಳ ನಡುವೆ, ಹೂವಿಗೂ ಹೀಚಿಗೂ ಮಧ್ಯದ ಇಕ್ಕಟ್ಟಿನ ಜಾಗದಲ್ಲಿ, ನಮ್ಮ ಒಕ್ಕಲಿನವರು ಒಂದು ಕ್ರಿಯಾಪದವನ್ನು ಇಟ್ಟಿದ್ದಾರೆ. ಅದು ‘ಕಚ್ಚು’ ಎಂಬುದು. ಗಿಡ ಕಾಯಿ ಕಚ್ಚಿತು ಎನ್ನುತ್ತಾರೆ. ಕಚ್ಚದೆ ಹೋದರೆ ಹೂವು ಉದುರಿತು ಎನ್ನುತ್ತಾರೆ. ಮೆಣಸಿನಕಾಯಿ ಬೆಳೆಯುವವನ ವರ್ಷದ ಲಾಭನಷ್ಟವೆಲ್ಲ ಈ ಎರಡು ಕ್ರಿಯಾಪದಗಳ ನಡುವೆ ತೂಗಾಡುತ್ತಿರುತ್ತದೆ. ಕಸ ತಿಂದುಹಾಕದ, ಬಾಡದ, ಎದೆಮಟ್ಟ ಬೆಳೆದ ಗಿಡ ಮೈತುಂಬ ಬಿಳಿಯ ಹೂ ಹೊತ್ತು ನಿಂತು, ಎಂಟು ದಿನ ಕಳೆಯುವುದರೊಳಗೆ ಅವನ್ನು ಸಾಲಿನ ಮಣ್ಣಿಗೆ ಸುರಿದುಬಿಟ್ಟರೆ ಅದರ ಒಡೆಯನಿಗೆ ಹೇಗಾಗಬೇಡ? ಗಿಡ ಹೀಗೇಕೆ ಮಾಡುತ್ತದೆ ಎಂಬುದನ್ನು ಇಂದು ಒಂದಿಷ್ಟು ವಿಚಾರಿಸೋಣ.

‘ಉದುರು’ ಎಂಬ ಮಾತು ಕೇಳುವುದಕ್ಕೆ ನಿಶ್ಶಕ್ತಿಯ ಮಾತಿನಂತಿದೆ. ಹಿಡಿದುಕೊಳ್ಳುವ ತ್ರಾಣವಿಲ್ಲದೆ ಹೂ ಬಿತ್ತು ಎಂಬ ಭಾವ ಅದರಲ್ಲಿದೆ. ನಿಜಸ್ಥಿತಿ ಹಾಗಿಲ್ಲ. ಹೂವು ತಾನಾಗಿ ಬೀಳುವುದಿಲ್ಲ. ಗಿಡ ಅದನ್ನು ಕಳಚುತ್ತದೆ. ಉದುರಿದ ಹೂವೊಂದನ್ನು ಎತ್ತಿ ಅದರ ತೊಟ್ಟಿನ ತುದಿಯನ್ನು ನೋಡಿ. ಹರಿದ ಗುರುತು ಕಾಣದು. ಚೂರಿಯಲ್ಲಿ ಕೊಯ್ದಂತೆ ನಯವಾಗಿರುತ್ತದೆ. ತೊಟ್ಟು ಕೊಂಬೆಗೆ ಸೇರುವ ಕಡೆ, ಮೊಗ್ಗು ಮೂಡುವಾಗಲೇ, ಸಣ್ಣ ಜೀವಕೋಶಗಳ ಕೆಲವೇ ಪದರಗಳ ಒಂದು ಗಡಿರೇಖೆ ಸಿದ್ಧವಾಗಿರುತ್ತದೆ. ಸಮಯ ಬಂದಾಗ ಅಲ್ಲಿನ ಕೋಶಗಳು ಕೆಲವು ಕಿಣ್ವಗಳನ್ನು ಸ್ರವಿಸುತ್ತವೆ. ಒಂದು ಕೋಶವನ್ನು ಇನ್ನೊಂದಕ್ಕೆ ಗಾರೆಯಂತೆ ಬೆಸೆದಿರುವ ಪೆಕ್ಟಿನ್ ಎಂಬ ವಸ್ತುವನ್ನು ಆ ಕಿಣ್ವಗಳು ಕರಗಿಸುತ್ತವೆ. ಗಾರೆ ಕರಗಿದ ಮೇಲೆ ಗೋಡೆ ನಿಂತೀತೆ? ಸಣ್ಣ ಗಾಳಿ ಸಾಕು, ಹೂ ನೆಲಕ್ಕೆ ಬೀಳುತ್ತದೆ. ಬಿಟ್ಟ ಗಾಯದ ಮೇಲೆ ಗಿಡ ತೆಳುವಾದ ಹೊದಿಕೆಯೊಂದನ್ನು ಎಳೆದುಕೊಂಡು ಮುಂದಿನ ಕೆಲಸಕ್ಕೆ ತೊಡಗುತ್ತದೆ.

ಈ ಗಡಿಯನ್ನು ಕಾಯುವ ಕಾವಲುಗಾರರು ಇಬ್ಬರು. ಒಬ್ಬನ ಹೆಸರು ಆಕ್ಸಿನ್, ಇನ್ನೊಬ್ಬನದು ಎಥಿಲೀನ್. ಆಕ್ಸಿನ್ ಎಂಬ ಚೋದಕವಸ್ತು ಹೂವಿನಿಂದ ತೊಟ್ಟಿನ ಮೂಲಕ ಕೊಂಬೆಯ ಕಡೆಗೆ ಸಣ್ಣ ಒರತೆಯಂತೆ ಹರಿಯುತ್ತಿರುತ್ತದೆ. ಆ ಹರಿವು ನಿಲ್ಲದಿರುವತನಕ ಗಡಿರೇಖೆ ಮಲಗಿರುತ್ತದೆ. ಹರಿವು ಕ್ಷೀಣಿಸಿತೆಂದರೆ ಎಥಿಲೀನಿನ ಕರೆಗೆ ಅದು ಎಚ್ಚರಗೊಳ್ಳುತ್ತದೆ. ಎಥಿಲೀನ್ ಒಂದು ಅನಿಲ. ಬೀದಿದೀಪಗಳಿಗೆ ಕಲ್ಲಿದ್ದಲಿನ ಅನಿಲವನ್ನು ಉರಿಸುತ್ತಿದ್ದ ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ, ಕೊಳವೆ ಸೋರಿದ ಕಡೆ ಸಾಲುಮರಗಳು ಅಕಾಲದಲ್ಲಿ ಎಲೆ ಕಳೆದುಕೊಳ್ಳುವುದನ್ನು ಜನ ಕಂಡಿದ್ದರು. ಆ ಅನಿಲದಲ್ಲಿ ಗಿಡಗಳನ್ನು ಬಾಧಿಸುವ ಅಂಶ ಎಥಿಲೀನ್ ಎಂದು ರಷ್ಯದ ನೆಲ್ಜುಬೋವ್ 1901ರಲ್ಲಿ ಬಟಾಣಿಯ ಸಸಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದ. ಸಸ್ಯಗಳು ತಾವೇ ಅದನ್ನು ತಯಾರಿಸುತ್ತವೆ ಎಂಬುದನ್ನು 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ಸಿದ್ಧಪಡಿಸಿದ. ಹೊರಗಿನ ವಿಷವೆಂದು ತಿಳಿದದ್ದು ಗಿಡದ ಒಳಮಾತೇ ಆಗಿತ್ತು!

ಹಾಗಾದರೆ ಆಕ್ಸಿನ್ನಿನ ಒರತೆ ಬತ್ತದಂತೆ ಉಳಿಯುವುದು ಹೇಗೆ? ಪರಾಗ ಬಿದ್ದು, ಅಂಡಕಗಳು ಫಲಿತವಾಗಿ, ಎಳೆಯ ಬೀಜಗಳು ಬೆಳೆಯತೊಡಗಿದರೆ ಆ ಬೀಜಗಳೇ ಆಕ್ಸಿನ್ನಿನ ಹೊಸ ಬುಗ್ಗೆಗಳಾಗುತ್ತವೆ. ‘ನಾವಿದ್ದೇವೆ, ನಮ್ಮನ್ನು ಬಿಡಬೇಡ’ ಎಂದು ಅವು ತಾಯಿಗೆ ಹೇಳಿಕಳಿಸುವ ಓಲೆ ಅದು. ಬೀಜ ಕಟ್ಟದ ಹೂವಿಗೆ ಓಲೆ ಬರೆಯುವ ಶಕ್ತಿಯಿಲ್ಲ. ‘ಕಚ್ಚು’ ಎಂಬ ನಮ್ಮ ಮಾತಿನ ಸೊಗಸು ಇಲ್ಲಿ ತಿಳಿಯುತ್ತದೆ. ಹಿಡಿತ ಇರುವುದು ತೊಟ್ಟಿನಲ್ಲಿ. ಆ ಹಿಡಿತದ ಗುಟ್ಟು ಬೀಜದಲ್ಲಿ.

ಬೀಜ ಕಟ್ಟದಿರುವುದಕ್ಕೆ ಮೊದಲ ಕಾರಣ ಹವೆ. ಮೆಣಸಿನಕಾಯಿ ನಮ್ಮ ನಾಡಿನ ಮೂಲದ್ದಲ್ಲ. ಅದು ಅಮೆರಿಕ ಖಂಡದ ಗಿಡ. ನಾವು ಹೆಚ್ಚಾಗಿ ಬೆಳೆಯುವ ಜಾತಿಯ ತವರು ಮೆಕ್ಸಿಕೊ. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಸರ ಹಡಗುಗಳಲ್ಲಿ ಬಂದು, ಇಲ್ಲಿನ ಕಾಳುಮೆಣಸಿನ ಹೆಸರನ್ನೇ ಎರವಲು ಪಡೆದು ಮೆಣಸಿನಕಾಯಿಯಾಯಿತು. ಬಿಸಿಲನ್ನು ಬೇಡುವ ಗಿಡವೇ ಆದರೂ ಅದರ ಹೂವು ಸುಕುಮಾರಿ. ಹಗಲಿನ ಉಷ್ಣತೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ದಾಟಿ, ಇರುಳಿನದು 24 ಡಿಗ್ರಿಗಿಂತ ಕೆಳಗೆ ಇಳಿಯದೆ ಹೋದರೆ ಪರಾಗ ಬಲಗುಂದುತ್ತದೆ. ಇರುಳು 15 ಡಿಗ್ರಿಗಿಂತ ತಣ್ಣಗಾದರೂ ಕಷ್ಟವೇ. ಸೆಕೆಯ ಇರುಳು ಇನ್ನೊಂದು ಹಾನಿಯನ್ನೂ ಮಾಡುತ್ತದೆ. ಹಗಲೆಲ್ಲ ದುಡಿದು ಕೂಡಿಟ್ಟ ಸಕ್ಕರೆಯನ್ನು ಗಿಡ ಉಸಿರಾಟದಲ್ಲೇ ಸುಟ್ಟುಕೊಳ್ಳುತ್ತದೆ. ಹೂವಿನ ಪಾಲಿಗೆ ಉಳಿಯುವುದು ಕಡಿಮೆ. ಇಲ್ಲಿ ನೆನಪಿಡಬೇಕಾದ ಸಂಗತಿಯೊಂದಿದೆ. ಪರಾಗ ರೂಪುಗೊಳ್ಳುವುದು ಹೂವು ಅರಳುವುದಕ್ಕೆ ಸುಮಾರು ಎರಡು ವಾರ ಮೊದಲು, ಮೊಗ್ಗಿನೊಳಗೆ. ಆದ್ದರಿಂದ ಇಂದು ಉದುರಿದ ಹೂವು ಹದಿನೈದು ದಿನಗಳ ಹಿಂದಿನ ಸೆಕೆಗೆ ಸಾಕ್ಷಿಯಾಗಿರಬಹುದು. ಇಂದಿನ ಆಕಾಶವನ್ನು ನೋಡಿ ಕಾರಣ ಹುಡುಕಿದರೆ ಸಿಕ್ಕಲಾರದು.

ಎರಡನೆಯದು ನೀರು. ಬೇರು ಒಣಗಿದರೆ ಹೂ ಉದುರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬೇರು ಮುಳುಗಿದರೂ ಉದುರುತ್ತದೆ ಎಂಬುದನ್ನು ಮರೆಯುವವರುಂಟು. ಹಾವೇರಿ, ಧಾರವಾಡ, ಗದಗ ಸೀಮೆಯ ಎರೆಮಣ್ಣು ನೀರನ್ನು ಬಿಗಿಹಿಡಿಯುವ ಮಣ್ಣು. ಬಣ್ಣಕ್ಕೆ ಹೆಸರಾಗಿ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಹೆಚ್ಚಾಗಿ ಮಳೆಯನ್ನೇ ನಂಬಿ ಬೆಳೆಯುವುದು ಇಂಥ ನೆಲದಲ್ಲಿ. ಹೂಬಿಡುವ ಹೊತ್ತಿಗೆ ಜಡಿಮಳೆ ಹಿಡಿದರೆ ಮಣ್ಣಿನೊಳಗಿನ ಗಾಳಿ ಹೋಗಿ ಬೇರಿಗೆ ಉಸಿರುಕಟ್ಟುತ್ತದೆ. ಆಗ ಎಥಿಲೀನ್ ತಯಾರಿಗೆ ಬೇಕಾದ ಮೂಲದ್ರವ್ಯ ಬೇರಿನಿಂದ ಮೇಲೇರಿ ಕೊಂಬೆಗಳಲ್ಲಿ ಅನಿಲವಾಗುತ್ತದೆ. ಜೊತೆಗೆ ಮೋಡದ ಮುಸುಕು, ಬಿಸಿಲಿಲ್ಲದೆ ಸಕ್ಕರೆಯಿಲ್ಲ. ಗಿಡ ಹೂ ಕಳಚುವುದಕ್ಕೆ ಇಷ್ಟು ಸಾಕು.

ಮೂರನೆಯದು ಗೊಬ್ಬರ. ಯೂರಿಯಾ ಮಿತಿಮೀರಿದರೆ ಗಿಡ ಸೊಕ್ಕಿ ಎಲೆಯನ್ನೇ ಹೊರಡಿಸುತ್ತದೆ. ನೋಡಿದವರು ಭೇಷ್ ಎನ್ನುತ್ತಾರೆ. ಕಾಯಿ ಮಾತ್ರ ಕಾಣದು. ನಾಲ್ಕನೆಯದು ಕೀಟ. ಹೂವಿನೊಳಗೇ ಮನೆಮಾಡುವ ಥ್ರಿಪ್ಸ್ ನುಸಿ ಬರಿಗಣ್ಣಿಗೆ ಚುಕ್ಕಿಯಷ್ಟೇ. 2021ರಲ್ಲಿ ಅದರ ಹೊಸದೊಂದು ಜಾತಿ, ಕಪ್ಪು ಥ್ರಿಪ್ಸ್, ಆಂಧ್ರ ಮತ್ತು ತೆಲಂಗಾಣಗಳಲ್ಲಿಯೂ ಕರ್ನಾಟಕದ ಮೆಣಸಿನ ಸೀಮೆಗಳಲ್ಲಿಯೂ ಹೂವುಗಳಿಗೇ ಮುತ್ತಿ ಅಪಾರ ಹಾನಿ ಮಾಡಿತು. ಅಂಥ ಹೂವನ್ನು ಬಿಳಿಯ ಕಾಗದದ ಮೇಲೆ ಕೊಡವಿದರೆ ನುಸಿ ಹರಿದಾಡುವುದು ಕಾಣಿಸುತ್ತದೆ.

ಐದನೆಯ ಕಾರಣ ರೋಗವೂ ಅಲ್ಲ, ಕೊರತೆಯೂ ಅಲ್ಲ. ಅದು ಗಿಡದ ಗೃಹಕೃತ್ಯ. ಕೊಂಬೆಯಲ್ಲಿ ಆಗಲೇ ಕಾಯಿಗಳು ಬಲಿಯುತ್ತಿದ್ದರೆ, ಅವು ಉಣ್ಣುವ ಪಾಲು ದೊಡ್ಡದು. ಆಮೇಲೆ ಅರಳಿದ ಹೂವುಗಳಿಗೆ ಬಡಿಸಲು ಉಳಿದಿರುವುದಿಲ್ಲ. ಸಾಕಲಾರದ್ದನ್ನು ಹೊತ್ತು ಎಲ್ಲವನ್ನೂ ಕೃಶಗೊಳಿಸುವ ಬದಲು ಗಿಡ ಹೊಸಬರನ್ನು ಬಿಟ್ಟುಕೊಡುತ್ತದೆ. ಕಾಯಿ ಬಿಡಿಸಿದ ಮೇಲೆ ಮತ್ತೆ ಹೂ ಬಿಡುತ್ತದೆ, ಮತ್ತೆ ಕಚ್ಚುತ್ತದೆ. ಹೀಗೆ ಅಲೆಯ ಮೇಲೆ ಅಲೆಯಾಗಿ ಫಲ ಕೊಡುವುದು ಅದರ ಸ್ವಭಾವ. ಬಿಟ್ಟ ಹೂವೆಲ್ಲ ಕಾಯಿಯಾಗಲಿ ಎಂಬುದು ನಮ್ಮ ಆಸೆ. ಗಿಡ ಎಂದೂ ಅಂಥ ಮಾತು ಕೊಟ್ಟಿಲ್ಲ.

ಅಧ್ಯಾಪಕನಾಗಿದ್ದ ನನಗೆ ಈ ವಿಷಯದ ಗೊಡವೆ ಏಕೆ ಎಂದು ನೀವು ಕೇಳಬಹುದು. ಹಾವೇರಿಯ ಕಡೆ ಒಕ್ಕಲುತನ ಮಾಡುವ ನನ್ನ ಅಣ್ಣನ ಮಗ ಒಂದು ಮಳೆಗಾಲದ ಕೊನೆಗೆ ದೂರವಾಣಿಯಲ್ಲಿ, “ಕಾಕಾ, ಹೂವೆಲ್ಲಾ ಉದುರಾಕ ಹತ್ತ್ಯಾವ. ಅಂಗಡ್ಯಾವ ಮೂರು ಬಾಟ್ಲಿ ಕೊಟ್ಟಾನ, ಹೊಡೀಲೇನು?” ಎಂದ. ಮೂರರಲ್ಲಿ ಎರಡು ಕೀಟನಾಶಕ, ಒಂದು ಆಕ್ಸಿನ್ನಿನ ಬಳಗದ ಸಿಂಪರಣೆ. ಎಲ್ಲವೂ ಉದ್ರಿಯ ಲೆಕ್ಕದಲ್ಲಿ. “ಹೂವು ಕೊಡವಿ ನೋಡಿದೆಯೇನಪ್ಪಾ? ಹೊಲದಾಗ ನೀರು ನಿಂತೈತೇನು?” ಎಂದು ಕೇಳಿದೆ. ನುಸಿ ಕಾಣಲಿಲ್ಲ, ನೀರು ವಾರದಿಂದ ನಿಂತಿತ್ತು. ಊರಿನ ಸಮೀಪದ ಕೃಷಿ ಅಧಿಕಾರಿಯೊಬ್ಬರು ಬಂದು ನೋಡಿ ಬಸಿಗಾಲುವೆ ತೋಡಿಸಿದರು. ಬಾಟ್ಲಿಗಳು ಅಂಗಡಿಗೆ ಮರಳಿದವು. ಬಿಸಿಲು ಬಿದ್ದ ಮೇಲೆ ಅರಳಿದ ಹೂವುಗಳು ಕಚ್ಚಿದವು. ಹೋದ ಹೂವು ಹೋಯಿತು. ಸಾಲ ಬೆಳೆಯಲಿಲ್ಲ ಎಂಬುದೇ ಆ ವರ್ಷದ ಸಮಾಧಾನ.

ಸಿಂಪರಣೆಯೇ ಕೂಡದೆಂದು ನಾನು ಹೇಳುತ್ತಿಲ್ಲ. ನ್ಯಾಫ್ತಲೀನ್ ಅಸಿಟಿಕ್ ಆಮ್ಲವೆಂಬ ಕೃತಕ ಆಕ್ಸಿನ್ನನ್ನು ಲೀಟರು ನೀರಿಗೆ 10ರಿಂದ 20 ಮಿಲಿಗ್ರಾಮಿನಷ್ಟು ಮಾತ್ರ ಬೆರೆಸಿ ಹೂಬಿಡುವಾಗ ಸಿಂಪಡಿಸಿದರೆ ಉದುರುವುದು ತಗ್ಗುತ್ತದೆ. ಅದೇ ವಸ್ತುವನ್ನು ಸೇಬಿನ ತೋಟಗಳಲ್ಲಿ ಹೆಚ್ಚಾದ ಹೀಚುಗಳನ್ನು ಉದುರಿಸಲೆಂದೇ ಬಳಸುವುದುಂಟು! ಪ್ರಮಾಣ, ಕಾಲ, ಗಿಡ ಬದಲಾದರೆ ಮದ್ದಿನ ಗುಣವೂ ಬದಲಾಗುತ್ತದೆ. ನೀರು ನಿಂತ ಹೊಲಕ್ಕೆ, ಸೆಕೆಯ ಇರುಳಿಗೆ, ಕೀಟನಾಶಕ ಮದ್ದಲ್ಲ. ಹೂವಿನ ಹೊತ್ತಿನಲ್ಲಿ ಅದನ್ನು ಎರಚಿದರೆ ಪರಾಗ ಹೊತ್ತು ತರುವ ಜೇನ್ನೊಣಗಳು ಸಾಯುತ್ತವೆ. ಮೆಣಸಿನ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಫಲಿಸುವುದಾದರೂ ನೊಣದ ಓಡಾಟ ಅದಕ್ಕೆ ಉಪಕಾರಿ.

ಆದ್ದರಿಂದ ಸಾಲಿನಲ್ಲಿ ಬಿದ್ದ ಹೂವನ್ನು ಕಂಡಾಗ ಕೈ ಜೇಬಿಗೆ ಹೋಗುವ ಮೊದಲು ಕಣ್ಣು ಮಣ್ಣಿಗೆ ಹೋಗಲಿ. ಕಳೆದ ಹದಿನೈದು ದಿನ ಇರುಳು ಹೇಗಿತ್ತು? ಬೇರಿನ ಬುಡದಲ್ಲಿ ತೇವವಿದೆಯೆ, ಕೆಸರಿದೆಯೆ? ಯೂರಿಯಾ ಎಷ್ಟು ಬಿತ್ತು? ಹೂವಿನಲ್ಲಿ ನುಸಿ ಉಂಟೆ? ಕೊಂಬೆಯಲ್ಲಿ ಕಾಯಿ ಎಷ್ಟಿದೆ? ಈ ಐದು ಪ್ರಶ್ನೆಗಳಿಗೆ ಕಾಸು ತಗುಲುವುದಿಲ್ಲ. ಕೊನೆಯ ಪ್ರಶ್ನೆಗೆ ‘ಕೊಂಬೆ ತುಂಬ ಇದೆ’ ಎಂಬ ಉತ್ತರ ಬಂದರೆ, ಬಿದ್ದ ಹೂವಿಗಾಗಿ ಮರುಗಬೇಕಾಗಿಲ್ಲ. ಗಿಡ ತನ್ನ ಶಕ್ತಿಯನ್ನು ಅಳೆದುಕೊಂಡೇ ಬಾಳುತ್ತಿದೆ.