ಕಿಡಿಗೆ ಎಷ್ಟು ಎಡೆ ಬೇಕು?

ಮನೆಯ ದೀಪ ಮಂಕಾದರೆ ಬತ್ತಿಯನ್ನು ನೋಡುವವರುಂಟು; ಕಾರು ಮುಗ್ಗರಿಸಿದರೆ ಅದರ ಕಿಡಿಯನ್ನು ನೋಡುವವರು ವಿರಳ. ಕಾರಿನ ಮೈಬಣ್ಣ, ಆಸನ, ಚಕ್ರ ಎಲ್ಲದರ ಮೇಲೂ ಯಜಮಾನನ ಕಣ್ಣು ಹರಿಯುತ್ತದೆ. ಆದರೆ ಇಡೀ ಸಂಸಾರವನ್ನು ಹೊತ್ತು ಓಡುವ ಪೆಟ್ರೋಲ್ ಇಂಜಿನ್ನಿನೊಳಗೆ ಬೆಂಕಿ ಹೊತ್ತಿಸುವುದು ಸ್ಪಾರ್ಕ್ ಪ್ಲಗ್ ಎಂಬ ಬೆರಳುದ್ದದ ಸಾಧನ. ಅದು ಕಣ್ಣಿಗೆ ಬೀಳದ ಆಳವಾದ ಕುಳಿಯಲ್ಲಿ ಕುಳಿತಿರುತ್ತದೆ. ಅದರ ತುದಿಯಲ್ಲಿ, ಎರಡು ಲೋಹದ ಮೊನೆಗಳ ನಡುವೆ, ಹೆಚ್ಚೆಂದರೆ ಒಂದು ಮಿಲಿಮೀಟರಿನ ಆಸುಪಾಸಿನ ತೆರವೊಂದಿದೆ. ಟರ್ಬೊ ಅಳವಡಿಸಿದ ಕಾರಿನ ಮಾನ ಉಳಿಯುವುದೂ ಹೋಗುವುದೂ ಬಹುಮಟ್ಟಿಗೆ ಆ ತೆರವಿನ ಅಳತೆಯ ಮೇಲೆ.

ಈ ಅಳತೆ ತಪ್ಪಿದ ಕಾರಿನ ರೋಗಲಕ್ಷಣ ವಿಚಿತ್ರವಾದುದು. ಊರೊಳಗಿನ ಬೀದಿಯಲ್ಲಿ ಅದು ಸಾಧುಪ್ರಾಣಿ. ಘಟ್ಟದ ಏರಿನಲ್ಲಿ, ಇಲ್ಲವೆ ಲಾರಿಯೊಂದನ್ನು ಹಿಂದಿಕ್ಕಲೆಂದು ಆಕ್ಸಿಲರೇಟರನ್ನು ಒತ್ತಿದಾಗ ಮಾತ್ರ ಅದು ತಡವರಿಸುತ್ತದೆ, ಕುಲುಕುತ್ತದೆ. ಎದುರಿನಿಂದ ಬಸ್ಸು ಬರುತ್ತಿರುವ ಗಳಿಗೆಯಲ್ಲಿ ಹೀಗಾದರೆ ಅದು ಬರಿಯ ಖರ್ಚಿನ ಮಾತಲ್ಲ, ಒಳಗೆ ಕುಳಿತವರ ಪ್ರಾಣದ ಮಾತು. ಮೆಲ್ಲನೆ ಹೋದರೆ ಸರಿ, ಬಲ ಕೇಳಿದರೆ ತಕರಾರು. ಈ ಭೇದಕ್ಕೆ ಕಾರಣವೇನು?

ಸಾಮಾನ್ಯ ಇಂಜಿನ್ನು ತನಗೆ ಬೇಕಾದ ಗಾಳಿಯನ್ನು ತಾನೇ ಸೆಳೆದುಕೊಳ್ಳುತ್ತದೆ. ಟರ್ಬೊ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬಲಾಗುತ್ತದೆ. ಹೊರಹೋಗುವ ಹೊಗೆಯ ರಭಸ ಒಂದು ಚಕ್ರವನ್ನು ತಿರುಗಿಸುತ್ತದೆ; ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊಸ ಗಾಳಿಯನ್ನು ಒಳಕ್ಕೆ ನೂಕುತ್ತದೆ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಈ ಉಪಾಯಕ್ಕೆ 1905ರಲ್ಲಿಯೇ ಪೇಟೆಂಟ್ ಪಡೆದನು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಶೆವ್ರೊಲೆ ಕಾರ್ವೇರ್ ಕಾರುಗಳು ಅದನ್ನು ಸಂಸಾರಸ್ಥರ ಬಳಿಗೆ ತಂದವು. 2013ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಪೋಲೊ ಜಿ.ಟಿ. ಟಿ.ಎಸ್.ಐ. ಕಾರು 1.2 ಲೀಟರಿನ ಪುಟ್ಟ ಇಂಜಿನ್ನಿನಿಂದಲೇ 105 ಅಶ್ವಶಕ್ತಿಯನ್ನು ಹೊರಡಿಸಿತು. ಗಾಳಿ ಹೆಚ್ಚಿದಷ್ಟೂ ಪೆಟ್ರೋಲನ್ನು ಹೆಚ್ಚು ಉರಿಸಬಹುದು, ಗುಟ್ಟು ಇಷ್ಟೆ.

ಆದರೆ ಗಾಳಿಯು ವಿದ್ಯುತ್ತಿಗೆ ಸುಲಭವಾಗಿ ದಾರಿ ಬಿಡುವ ವಸ್ತುವಲ್ಲ. ಕಿಡಿ ಹಾರಲು ಬೇಕಾದ ವೋಲ್ಟೇಜು, ಅನಿಲದ ಒತ್ತಡ ಮತ್ತು ಮೊನೆಗಳ ಅಂತರ ಇವೆರಡರ ಗುಣಲಬ್ಧವನ್ನು ಅವಲಂಬಿಸಿದೆಯೆಂದು ಜರ್ಮನಿಯ ಭೌತವಿಜ್ಞಾನಿ ಫ್ರೀಡ್ರಿಶ್ ಪಾಷೆನ್ 1889ರಲ್ಲಿ ತೋರಿಸಿಕೊಟ್ಟನು. ಜಾತ್ರೆಯ ನೂಕುನುಗ್ಗಲಿನಲ್ಲಿ ಹತ್ತು ಹೆಜ್ಜೆ ನುಸುಳುವುದು ಬಯಲಿನಲ್ಲಿ ಹತ್ತು ಹೆಜ್ಜೆ ನಡೆದಷ್ಟು ಸುಲಭವೆ? ಇಲ್ಲಿಯೂ ಹಾಗೆಯೇ. ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ ಹತ್ತಾರು ಸಾವಿರ ವೋಲ್ಟಿಗೆ ಏರಿಸುತ್ತದೆ, ನಿಜ. ಆದರೆ ಅದರ ಶಕ್ತಿಗೂ ಒಂದು ಮೇರೆಯುಂಟು. ಟರ್ಬೊ ಗಾಳಿ ತುಂಬಿದಾಗ ಒತ್ತಡ ಏರುತ್ತದೆ. ತೆರವು ಅಗಲವಾಗಿದ್ದರೆ ಕಿಡಿ ಹಾರುವುದೇ ಇಲ್ಲ, ಇಲ್ಲವೆ ಪ್ಲಗ್ಗಿನ ಪಿಂಗಾಣಿಯ ಹೊರಮೈಯನ್ನು ಹಿಡಿದು ಅಡ್ಡದಾರಿಯಲ್ಲಿ ಜಾರಿಹೋಗುತ್ತದೆ. ಊರೊಳಗೆ ಸುಮ್ಮನಿದ್ದ ಕಾರು ಏರಿನಲ್ಲಿ ಮುಗ್ಗರಿಸುವುದು ಇದರಿಂದಲೇ.

ಆದುದರಿಂದಲೇ ಟರ್ಬೊ ಇಲ್ಲದ ಅನೇಕ ಇಂಜಿನ್ನುಗಳಲ್ಲಿ ಈ ಅಂತರ 1.0ರಿಂದ 1.1 ಮಿಲಿಮೀಟರ್ ಇದ್ದರೆ, ಟರ್ಬೊ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ 0.6ರಿಂದ 0.8 ಮಿಲಿಮೀಟರ್ ಇರುತ್ತದೆ. ವ್ಯತ್ಯಾಸವೆಲ್ಲ ಕೂಡಿ ಮೂರು-ನಾಲ್ಕು ಹಾಳೆ ಕಾಗದದ ದಪ್ಪ! ಹಾಗೆಂದು ಕಿರಿದಾದಷ್ಟೂ ಒಳ್ಳೆಯದೆಂದು ತಿಳಿಯಲಾಗದು. ತೀರ ಕಿರಿದಾದ ಎಡೆಯಲ್ಲಿ ಹುಟ್ಟಿದ ಎಳೆಯ ಜ್ವಾಲೆಯ ಶಾಖವನ್ನು ಅಕ್ಕಪಕ್ಕದ ಲೋಹವೇ ಹೀರಿಕೊಂಡು ಅದನ್ನು ನಂದಿಸಿಬಿಡಬಹುದು. ಆಯಾ ಕಾರಿನ ಕೈಪಿಡಿ ಹೇಳುವ ಅಂಕಿಯೇ ಪ್ರಮಾಣ.

ಈ ಅಂತರ ಒಮ್ಮೆ ಸರಿಪಡಿಸಿದರೆ ಸದಾ ಹಾಗೆಯೇ ಉಳಿಯುವುದೂ ಇಲ್ಲ. ಇಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಬಾರಿ ಕಿಡಿ ಹಾರಿಸುತ್ತದೆ. ಪ್ರತಿ ಕಿಡಿಯೂ ಮೊನೆಯನ್ನು ಇನಿತಿನಿತಾಗಿ ಸವೆಸುತ್ತದೆ. ನಿಕ್ಕಲ್ಲಿನ ಮೊನೆ ಬೇಗ ಸವೆಯುತ್ತದೆ. 2446 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗದ ಇರಿಡಿಯಮ್ ಬಹುಕಾಲ ಬಾಳುತ್ತದೆ. ಆದರೂ ಸವೆತ ಯಾರನ್ನೂ ಬಿಟ್ಟಿಲ್ಲ.

ಪ್ಲಗ್ಗನ್ನು ಬದಲಿಸುವ ಕೆಲಸದಲ್ಲಿ ಬೇಕಾದುದು ಬಲವಲ್ಲ, ತಾಳ್ಮೆ. ಇಂಜಿನ್ನು ಸಂಪೂರ್ಣವಾಗಿ ತಣಿದ ಮೇಲೆಯೇ ಕೈಹಾಕಬೇಕು. ಬಿಸಿಯಾದ ಅಲ್ಯುಮಿನಿಯಮ್ಮಿನಿಂದ ಪ್ಲಗ್ಗನ್ನು ತಿರುಪಿ ತೆಗೆಯಹೋದರೆ ಒಳಗಿನ ಥ್ರೆಡ್ಡೇ ಕಿತ್ತುಬಂದೀತು. ಕಾಯಿಲನ್ನು ತೆಗೆದ ಮೇಲೆ ಕುಳಿಯ ಧೂಳನ್ನು ಪಂಪಿನಿಂದ ಊದಿ ತೆಗೆಯಬೇಕು; ಇಲ್ಲವಾದರೆ ಅದು ಸಿಲಿಂಡರಿಗೆ ಬೀಳುತ್ತದೆ. ಹಳೆಯ ಪ್ಲಗ್ಗುಗಳನ್ನು ಸಿಲಿಂಡರಿನ ಕ್ರಮದಲ್ಲಿಯೇ ಸಾಲಾಗಿ ಇಡುವುದು ಲೇಸು. ತಿಳಿಗಂದು ಬಣ್ಣದ ತುದಿ ಆರೋಗ್ಯದ ಗುರುತು. ಒಣಗಿದ ಕಪ್ಪು ಮಸಿ ಪೆಟ್ರೋಲ್ ಹೆಚ್ಚಾದುದನ್ನೂ, ಎಣ್ಣೆಯ ಪಸೆ ಒಳಗೆ ಆಯಿಲ್ ಸೋರುತ್ತಿರುವುದನ್ನೂ, ಬಿಳಿಚಿ ಬೊಬ್ಬೆಯೆದ್ದ ತುದಿ ಅತಿಯಾದ ಶಾಖವನ್ನೂ ಹೇಳುತ್ತವೆ. ವೈದ್ಯನಿಗೆ ರೋಗಿಯ ನಾಲಗೆ ಹೇಗೋ ಮೆಕ್ಯಾನಿಕ್ಕಿಗೆ ಇದು ಹಾಗೆ.

ಹೊಸ ಪ್ಲಗ್ಗಿನ ಅಂತರವನ್ನು ಅಂಗಡಿಯ ಭರವಸೆಗೆ ಬಿಡದೆ ಅಳೆದು ನೋಡಬೇಕು. ಒಂದೇ ಪ್ಲಗ್ಗು ಹಲವು ಇಂಜಿನ್ನುಗಳಿಗೆ ಮಾರಾಟವಾಗುವುದುಂಟು. ನಿರ್ದಿಷ್ಟ ದಪ್ಪದ ತಂತಿಗಳುಳ್ಳ ಗೇಜನ್ನು ತೂರಿಸಿದಾಗ ಅದು ತುಸು ತಡೆದು ಜಾರಿದರೆ ಅಳತೆ ಸರಿ. ತಿದ್ದಬೇಕಾದರೆ ಬಾಗಿದ ಹೊರಗಡ್ಡಿಯನ್ನು ಮಾತ್ರ ಮೆಲ್ಲಗೆ ಸರಿಸಬೇಕು. ನಡುವಿನ ಇರಿಡಿಯಮ್ ಮೊನೆ ಅರ್ಧ ಮಿಲಿಮೀಟರಿನಷ್ಟು ಸಣ್ಣದು. ಉಪಕರಣವನ್ನು ಅದಕ್ಕೆ ಆನಿಸಿ ಮೀಟಿದರೆ ಮುರಿದೇ ಹೋದೀತು. ಕೆಳಗೆ ಬಿದ್ದ ಪ್ಲಗ್ಗಿನ ಪಿಂಗಾಣಿ ಕಣ್ಣಿಗೆ ಕಾಣದಂತೆ ಬಿರಿದಿರಬಹುದಾದುದರಿಂದ ಅದನ್ನು ಹಾಕದಿರುವುದೇ ವಿವೇಕ. ಕೂರಿಸುವಾಗ ಮೊದಲು ಕೈಯಿಂದಲೇ ತಿರುಗಿಸಿ, ಕೊನೆಯ ಬಿಗಿತಕ್ಕೆ ಕೈಪಿಡಿಯ ಅಂಕಿಗೆ ಹೊಂದಿಸಿದ ಟಾರ್ಕ್ ವ್ರೆಂಚನ್ನು ಬಳಸಬೇಕು.

ಇಷ್ಟು ಕಟ್ಟುನಿಟ್ಟು ಏಕೆಂದರೆ ಅಲಕ್ಷ್ಯದ ಬೆಲೆ ದೊಡ್ಡದು. ಕಿಡಿ ತಪ್ಪಿದಾಗ ಉರಿಯದ ಪೆಟ್ರೋಲ್ ಹೊಗೆಯ ಕೊಳವೆಯನ್ನು ಸೇರಿ, ಕೆಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಸುಟ್ಟುಹಾಕುತ್ತದೆ. ಅಗಲವಾದ ತೆರವನ್ನು ದಾಟಿಸಲು ಸದಾ ಹೆಣಗುವ ಕಾಯಿಲೂ ಸೋಲುತ್ತದೆ. ಎಂಜಿನ್ ದೀಪ ಮಿನುಗತೊಡಗಿದರೆ ವೇಗ ತಗ್ಗಿಸಿ ಪಕ್ಕಕ್ಕೆ ನಿಲ್ಲಿಸುವುದು ಕ್ಷೇಮ. ಅನೇಕರು ಮೊದಲು ದುಬಾರಿ ಕಾಯಿಲನ್ನು ಬದಲಿಸಿ, ಆಮೇಲೆ ಪ್ಲಗ್ಗಿನ ಕಡೆಗೆ ತಿರುಗುತ್ತಾರೆ. ಕ್ರಮ ಇದಕ್ಕೆ ವಿಪರೀತವಾಗಿರಬೇಕು. ಘಟ್ಟದಾಚೆಯ ಮದುವೆಗೋ ಯಾತ್ರೆಗೋ ಹೊರಡುವ ಮುನ್ನ ಟಯರಿನ ಗಾಳಿಯನ್ನು ನೋಡುವ ಗೃಹಸ್ಥರು, ಪ್ಲಗ್ಗುಗಳನ್ನು ಹಾಕಿ ಎಷ್ಟು ಸಾವಿರ ಕಿಲೋಮೀಟರ್ ಆಯಿತೆಂಬ ಲೆಕ್ಕವನ್ನೂ ಒಮ್ಮೆ ನೋಡಿದರೆ ಸಾಕು. ಅಳೆಯಲು ಬೇಕಾದ ಗೇಜಿನ ಬೆಲೆ ಅಲ್ಪ. ಅದು ಉಳಿಸಿಕೊಡುವುದು ಅಲ್ಪವಲ್ಲ.