ಟಿ.ವಿ. ಕೊಳ್ಳುವ ಮುನ್ನ: ಪ್ಲಾಸ್ಮಾ – ಎಲ್.ಸಿ.ಡಿ. ಪೈಪೋಟಿ ಕಲಿಸಿದ ಪಾಠ

ಸಸಿ ಕೊಳ್ಳುವಾಗ ನಾವು ತಾಯಿಮರವನ್ನು ವಿಚಾರಿಸುತ್ತೇವೆ. ಪಂಪ್‌ಸೆಟ್ ಕೊಳ್ಳುವಾಗ ಬಾವಿಯ ಆಳವನ್ನು ಲೆಕ್ಕ ಹಾಕುತ್ತೇವೆ. ಆದರೆ ಅಡಿಕೆಯ ಹಣ ಕೈಸೇರಿದ ತಿಂಗಳಲ್ಲಿ ಟಿ.ವಿ. ತರಲು ಹೊರಟಾಗ ಮಾತ್ರ ನಮ್ಮ ಮನೆಯ ಪರಿಸ್ಥಿತಿಯನ್ನು ಮರೆತು, ಅಂಗಡಿಯಲ್ಲಿ ಕಣ್ಣಿಗೆ ಹಿಡಿದದ್ದನ್ನು ಹೊತ್ತು ತರುತ್ತೇವೆ. ಹೀಗೆ ತಂದವರಲ್ಲಿ ನಾವೂ ಒಬ್ಬರು. ನಮ್ಮ ಅನುಭವ ಬೆಳೆಗಾರ ಬಂಧುಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

2010ರಲ್ಲಿ ನಾವು 42 ಇಂಚಿನ ಪ್ಲಾಸ್ಮಾ ಟಿ.ವಿ. ಕೊಂಡೆವು. ಅದೇ ಅಳತೆಯ ಎಲ್.ಸಿ.ಡಿ.ಗಿಂತ ಅದು ಅಗ್ಗವಾಗಿತ್ತು. ಮರುವರ್ಷ, 2011ರ ಏಪ್ರಿಲ್ 2ರಂದು, ವಿಶ್ವಕಪ್ ಕ್ರಿಕೆಟ್ಟಿನ ಅಂತಿಮ ಪಂದ್ಯ. ಅಕ್ಕಪಕ್ಕದವರು, ತೋಟದ ಕೆಲಸದವರು, ಮಕ್ಕಳು ಎಲ್ಲರೂ ನಮ್ಮ ಜಗಲಿಯಲ್ಲಿ ಸೇರಿದ್ದರು. ಸಂಜೆ ಗುಡುಗು ಸಹಿತ ಮಳೆ ಹಿಡಿಯಿತು. ಕಾಫಿಗೆ ಹೂಮಳೆ ಬಂತೆಂದು ಹಿರಿಯರಿಗೆ ಸಂತೋಷ, ಕರೆಂಟು ಹೋಯಿತೆಂದು ಮಕ್ಕಳಿಗೆ ದುಃಖ. ಇನ್ವರ್ಟರ್ ಇದೆಯಲ್ಲ ಎಂದು ನಾವು ಧೈರ್ಯ ಹೇಳಿದೆವು. ಭಾರತದ ಆಟ ಅರ್ಧಕ್ಕೆ ಬರುವಷ್ಟರಲ್ಲಿ ಅದೂ ಕೂಗಿಕೊಂಡು ನಿಂತಿತು. ಕೊನೆಗೆ ಎಲ್ಲರೂ ಟಾರ್ಚ್ ಹಿಡಿದು ಪಕ್ಕದ ಮನೆಗೆ ನಡೆದೆವು. ಅಲ್ಲಿದ್ದುದು 32 ಇಂಚಿನ ಎಲ್.ಸಿ.ಡಿ. ಬ್ಯಾಟರಿ ನಮ್ಮದರಷ್ಟೇ ದೊಡ್ಡದು. ಧೋನಿ ಹೊಡೆದ ಕೊನೆಯ ಸಿಕ್ಸರನ್ನು ನಾವು ನೋಡಿದ್ದು ಆ ಚಿಕ್ಕ ಪರದೆಯಲ್ಲಿ.

ಎರಡರ ಗುಣ ಬೇರೆ

ಪ್ಲಾಸ್ಮಾ ಪರದೆಯನ್ನು 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕಂಡುಹಿಡಿದರು. ಎರಡು ಗಾಜುಗಳ ನಡುವೆ ಲಕ್ಷಾಂತರ ಸಣ್ಣ ಕೋಶಗಳು, ಒಳಗೆ ನಿಯಾನ್, ಕ್ಸೆನಾನ್‌ನಂಥ ಅನಿಲ. ವಿದ್ಯುತ್ ಹರಿದಾಗ ಪ್ರತಿಯೊಂದು ಕೋಶವೂ ಪುಟ್ಟ ಟ್ಯೂಬ್‌ಲೈಟಿನಂತೆ ತಾನೇ ಬೆಳಗುತ್ತದೆ. ಬೇಡವಾದ ಕಡೆ ಬಹುಮಟ್ಟಿಗೆ ಆರಿರುತ್ತದೆ. ಆದುದರಿಂದಲೇ ಕಪ್ಪು ಅದರಲ್ಲಿ ಚೆನ್ನಾಗಿ ಮೂಡುತ್ತಿತ್ತು.

ಎಲ್.ಸಿ.ಡಿ. ತಾನಾಗಿ ಬೆಳಗುವುದಿಲ್ಲ. ಹಿಂದೆ ಒಂದು ದೀಪ ಸದಾ ಉರಿಯುತ್ತಿದ್ದು, ಮುಂದಿನ ದ್ರವಸ್ಫಟಿಕದ ಪದರ ಕಿಟಕಿಯ ಬಾಗಿಲಿನಂತೆ ಬೆಳಕನ್ನು ಬಿಡುತ್ತದೆ, ತಡೆಯುತ್ತದೆ. ಪೂರ್ತಿ ತಡೆಯಲಾರದ ಕಾರಣ ಕತ್ತಲ ಕೋಣೆಯಲ್ಲಿ ಕಪ್ಪು ಬೂದಿಯಾಗಿ ಕಾಣುತ್ತದೆ. ಬೆಳಕಿನ ಕೋಣೆಯಲ್ಲಿ ಅದೇ ಮೇಲು.

ಹೀಗಿರುವಲ್ಲಿ ಮಲೆನಾಡಿನ ಹೆಂಚಿನ ಮನೆಯ ಮಬ್ಬು ಜಗಲಿಗೆ ಪ್ಲಾಸ್ಮಾದ ಚಿತ್ರವೇ ಒಪ್ಪುತ್ತಿತ್ತು ಎಂಬುದರಲ್ಲಿ ಸಂಶಯವಿಲ್ಲ. ಒಪ್ಪದಿದ್ದುದು ನಮ್ಮ ಕರೆಂಟಿಗೆ.

ಬ್ಯಾಟರಿಯ ಲೆಕ್ಕ

ನಮ್ಮ ಪ್ಲಾಸ್ಮಾ ಸುಮಾರು 250 ವಾಟ್ ಎಳೆಯುತ್ತಿತ್ತು. ಇಂದಿನ 43 ಇಂಚಿನ ಎಲ್.ಇ.ಡಿ. ಸೆಟ್ಟಿಗೆ 80 ವಾಟ್ ಎಂದಿಟ್ಟುಕೊಳ್ಳೋಣ. ದಿನಕ್ಕೆ 5 ಗಂಟೆ ನೋಡಿದರೆ ಮೊದಲನೆಯದಕ್ಕೆ ವರ್ಷಕ್ಕೆ ಸುಮಾರು 456 ಯೂನಿಟ್, ಎರಡನೆಯದಕ್ಕೆ 146 ಯೂನಿಟ್. 12 ವೋಲ್ಟಿನ 150 ಎ.ಎಚ್. ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವಾಟ್-ಗಂಟೆ ಇದ್ದರೂ, ಬ್ಯಾಟರಿಯ ಆಯುಸ್ಸು ಉಳಿಸಿಕೊಂಡು, ಇನ್ವರ್ಟರಿನ ನಷ್ಟ ಕಳೆದು, ಸುಮಾರು 750 ಸಿಕ್ಕಿತೆಂದು ಹಿಡಿಯಬಹುದು. ಬೇರೇನೂ ಉರಿಸದಿದ್ದರೆ ಪ್ಲಾಸ್ಮಾಕ್ಕೆ ಅದು 3 ಗಂಟೆಯ ಬಾಳು, ಎಲ್.ಇ.ಡಿ.ಗೆ 9 ಗಂಟೆ. ಹಳೆಯ ಬ್ಯಾಟರಿ, ಜೊತೆಗೆ ನಾಲ್ಕು ದೀಪ, ಎರಡು ಫ್ಯಾನ್ ಇದ್ದ ನಮ್ಮ ಮನೆಯಲ್ಲಿ ಆ ರಾತ್ರಿ ಏನಾಯಿತೆಂದು ಇನ್ನು ವಿವರಿಸಬೇಕಾಗಿಲ್ಲ.

ಮಾರುಕಟ್ಟೆಯೂ ಎಲ್.ಸಿ.ಡಿ.ಯ ಕಡೆಗೇ ವಾಲಿತು. ಪ್ಯಾನಾಸೋನಿಕ್ 2013ರ ಕೊನೆಯಲ್ಲಿ ಪ್ಲಾಸ್ಮಾ ತಯಾರಿಕೆ ನಿಲ್ಲಿಸಿತು. 2014ರಲ್ಲಿ ಸ್ಯಾಮ್‌ಸಂಗ್, ಎಲ್.ಜಿ. ಕೂಡ ಕೈಬಿಟ್ಟವು. ಕೆಲವು ವರ್ಷಗಳ ನಂತರ ಒಂದು ಮಳೆಗಾಲದಲ್ಲಿ ನಮ್ಮ ಸೆಟ್ಟು ಕೆಟ್ಟಾಗ, ರಿಪೇರಿಯವರು ಹಿಂಭಾಗ ಬಿಚ್ಚಿ ನೋಡಿ, ಇದರ ಬಿಡಿಭಾಗ ಈಗ ಬರುವುದಿಲ್ಲವೆಂದು ಮತ್ತೆ ಮುಚ್ಚಿದರು. ಪೇಟೆಯ ನೆಂಟರು ಹಳೆಯ ಪ್ಲಾಸ್ಮಾ ಪುಕ್ಕಟೆ ಕೊಡುತ್ತೇವೆಂದರೂ ಈ ಮಾತು ನೆನಪಿರಲಿ.

ಹೊಸ ಹೆಸರು, ಹಳೆಯ ಪ್ರಶ್ನೆ

ಇಂದು ಅಂಗಡಿಯಲ್ಲಿ ಪ್ಲಾಸ್ಮಾ ಇಲ್ಲ. ಆದರೆ ಪ್ರಶ್ನೆ ಹೋಗಿಲ್ಲ. ಎಲ್.ಇ.ಡಿ. ಟಿ.ವಿ. ಎಂಬುದು ಬೇರೆ ಜಾತಿಯಲ್ಲ, ಎಲ್.ಸಿ.ಡಿ.ಯ ಹಿಂದಿನ ದೀಪ ಎಲ್.ಇ.ಡಿ. ಆಗಿದೆ, ಅಷ್ಟೆ. ಕ್ಯೂಎಲ್ಇಡಿ ಸಹ ಬಣ್ಣ ಸುಧಾರಿಸಿದ ಎಲ್.ಸಿ.ಡಿ.ಯೇ. ಓಎಲ್ಇಡಿ ಮಾತ್ರ ಪ್ಲಾಸ್ಮಾದಂತೆ ಚುಕ್ಕೆಚುಕ್ಕೆಯಾಗಿ ತಾನೇ ಬೆಳಗುವಂಥದು. ಕಪ್ಪು ಅಚ್ಚುಕಟ್ಟು, ಬೆಲೆ ದುಬಾರಿ. ಪ್ಲಾಸ್ಮಾದ ಒಂದು ದೋಷವೂ ಅದಕ್ಕಿದೆ. ಒಂದೇ ಚಿತ್ರ ವರ್ಷಗಟ್ಟಲೆ ಒಂದೇ ಜಾಗದಲ್ಲಿ ನಿಂತರೆ ಅದರ ಕಲೆ ಪರದೆಯಲ್ಲಿ ಉಳಿಯಬಹುದು. ಬೆಳಗಿನಿಂದ ರಾತ್ರಿಯವರೆಗೆ ವಾರ್ತಾ ಚಾನಲ್ ಹಾಕಿಡುವ ಮನೆಗೆ ಇದು ತಕ್ಕುದಲ್ಲ.

ಕೊಳ್ಳುವವರಿಗೆ ನಮ್ಮ ಸಲಹೆಗಳಿಷ್ಟು:

1. ಸೆಟ್ಟಿನ ಹಿಂಭಾಗದ ಪಟ್ಟಿಯಲ್ಲಿ ವಾಟ್ ಎಷ್ಟೆಂದು ಓದಿ, ಮೇಲಿನಂತೆ ನಿಮ್ಮ ಬ್ಯಾಟರಿಯ ಲೆಕ್ಕ ಹಾಕಿ. ವಿದ್ಯುತ್ ಉಳಿತಾಯದ ನಕ್ಷತ್ರ ಚೀಟಿಯನ್ನೂ ನೋಡಿ.

2. ಕೂರುವ ಜಾಗದಿಂದ ಗೋಡೆಗೆ ಎಷ್ಟು ಅಡಿಯೆಂದು ಮನೆಯಲ್ಲೇ ಅಳೆದುಕೊಂಡು ಹೋಗಿ. ಏಳು ಅಡಿಗೆ 43 ಇಂಚು ಧಾರಾಳವಾಯಿತು.

3. ರಿಪೇರಿಯವರು ಎಷ್ಟು ದೂರದಿಂದ ಬರಬೇಕು, ಮನೆಗೇ ಬರುವರೇ ಎಂದು ಹಣ ಕೊಡುವ ಮೊದಲೇ ಕೇಳಿ. ಎಲ್.ಇ.ಡಿ. ದೀಪದ ಪಟ್ಟಿ ಹೋದರೆ ಬದಲಾಯಿಸಬಹುದು. ಪರದೆಯೇ ಒಡೆದರೆ ಖರ್ಚು ಹೊಸ ಸೆಟ್ಟಿನ ಹತ್ತಿರ ಹೋಗುತ್ತದೆ.

4. ಥಂಡಿ ಹಿಡಿಯುವ ಗೋಡೆಗೆ ಅಂಟಿಸಿ ನೇತುಹಾಕಬೇಡಿ. ಹಿಂದೆ ಗಾಳಿಯಾಡಲಿ. ಬೆಚ್ಚಗಿನ ಜಾಗ ಹುಡುಕಿ ಬರುವ ಹಲ್ಲಿ, ಇರುವೆಗಳ ಮೇಲೆ ಕಣ್ಣಿರಲಿ.

5. ಗುಡುಗು ಕೇಳಿಸಿದ ಕೂಡಲೇ ಪ್ಲಗ್ ಕೀಳಿ, ಡಿಶ್ಶಿನ ಕೇಬಲನ್ನೂ ಬಿಡಿಸಿ. ಸ್ಟೆಬಿಲೈಸರ್ ವೋಲ್ಟೇಜ್ ಏರಿಳಿತಕ್ಕೆ ಮಾತ್ರ, ಸಿಡಿಲನ್ನು ಅದು ತಡೆಯದು.

ಐದನೆಯದನ್ನು 2011ರ ಆ ಸಂಜೆ ನಾವೇ ಪಾಲಿಸಲಿಲ್ಲ. ಗುಡುಗಿನ ನಡುವೆಯೂ ಪಂದ್ಯ ನೋಡುತ್ತ ಕುಳಿತಿದ್ದೆವು. ಸೆಟ್ಟು ಉಳಿದದ್ದು ನಮ್ಮ ಅದೃಷ್ಟ.

ಈಗ ನಮ್ಮ ಜಗಲಿಯಲ್ಲಿರುವುದು 43 ಇಂಚಿನ ಸಾದಾ ಎಲ್.ಇ.ಡಿ. ಕಪ್ಪು ಸ್ವಲ್ಪ ಬೂದಿಯೇ, ಹೌದು. ಆದರೆ ಕರೆಂಟಿಲ್ಲದ ಮಳೆಗಾಲದ ರಾತ್ರಿಯಲ್ಲಿ ಟಾರ್ಚ್ ಹಿಡಿದು ಪಕ್ಕದ ಮನೆಗೆ ಹೋಗಬೇಕಾಗಿಲ್ಲ. ಅಂಗಡಿಯ ದೀಪದಲ್ಲಿ ಚೆಂದ ಕಂಡದ್ದಕ್ಕಿಂತ ನಮ್ಮ ಮನೆಯ ಕರೆಂಟಿಗೆ ಒಗ್ಗಿದ್ದೇ ಒಳ್ಳೆಯ ಟಿ.ವಿ.