ನಿಮಗಿದು ಗೊತ್ತೆ? ಚುನಾವಣೆಯ ಕಣಕ್ಕಿಳಿದಿದ್ದ ಕೆರೆಯ ಕಳೆ

ಕೊಳದ ಕಳೆ ಕೀಳಿಸುವುದು ಒಂದು ಕಾಲಕ್ಕೆ ಚುನಾವಣೆಯ ಭರವಸೆಯಾಗಿತ್ತು! ನಸುನೇರಳೆ ಹೂವಿನ ಜಲಕುಂಭಿಯ ತವರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. ಅಲ್ಲಿಂದ ಬಂಗಾಳಕ್ಕೆ ಬಂದ ಈ ಗಿಡ ಕೊಳ, ಕಾಲುವೆ, ಭತ್ತದ ಗದ್ದೆಗಳನ್ನು ಮುಚ್ಚಿಬಿಟ್ಟಿತು. ದೋಣಿ ಸಾಗುವುದೇ ಕಷ್ಟವಾಯಿತು. 1936ರಲ್ಲಿ ಅದರ ವಿರುದ್ಧ ಕಾಯ್ದೆಯೇ ಬಂತು. 1937ರ ಚುನಾವಣೆಯಲ್ಲಿ ಅದನ್ನು ನಿರ್ಮೂಲ ಮಾಡುವ ಮಾತು ಪ್ರಣಾಳಿಕೆ ಸೇರಿತು. 1939ರಲ್ಲಿ ಬಂಗಾಳ ಪ್ರಾಂತ್ಯದ ಎ.ಕೆ. ಫಜ್ಲುಲ್ ಹಕ್ ಸರ್ಕಾರ ಕಳೆ ಕೀಳಲೆಂದೇ ‘ಜಲಕುಂಭಿ ಸಪ್ತಾಹ’ವನ್ನು ಆಚರಿಸಿತು.

ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ಹಸಿರು ಮೈದಾನದಂತೆ ಕಾಣಿಸಿದ್ದೂ ಇದೇ ಗಿಡ. ಕೊಳಚೆ ನೀರು ಸಿಕ್ಕರಂತೂ ಎರಡೇ ವಾರದಲ್ಲಿ ಇಮ್ಮಡಿಯಾಗುತ್ತದೆ.

ಸಣ್ಣ ಕಟ್ಟೆ, ಕಲ್ಯಾಣಿಗಳಲ್ಲಿ ಕೈಯಿಂದ ಕೀಳುವುದೇ ಒಳ್ಳೆಯ ದಾರಿ. ವಿಷ ಸಿಂಪಡಿಸಿದರೆ ಸತ್ತ ಗಿಡ ನೀರಲ್ಲೇ ಕೊಳೆತು ಮೀನಿನ ಉಸಿರು ಕಟ್ಟುತ್ತದೆ. ಆದರೆ ಕೀಳುವ ಕೆಲಸ ಹಗುರವಲ್ಲ: ಗಿಡದ ತೂಕದಲ್ಲಿ ಶೇ 90ಕ್ಕೂ ಹೆಚ್ಚು ನೀರೇ. ತುಂಡೊಂದು ಉಳಿದರೂ ಮತ್ತೆ ಚಿಗುರುತ್ತದೆ. ಕೆಸರಿಗೆ ಬಿದ್ದ ಬೀಜಕ್ಕಂತೂ 20 ವರ್ಷದ ಆಯಸ್ಸು!

ಆದ್ದರಿಂದ ಹೂ ಬಿಡುವ ಮೊದಲೇ ಬೇರುಸಮೇತ ಕಿತ್ತು, ಮಳೆನೀರು ಮತ್ತೆ ಕೆರೆಗೆ ಕೊಚ್ಚಿಕೊಂಡು ಹೋಗದಷ್ಟು ದೂರದಲ್ಲಿ ರಾಶಿ ಹಾಕಿ.